ನೆಕ್ಸ್ಟ್ ಅಕ್ಕನ ಹತ್ತು ದಿನದ ರಜೆ

ಆ ಕಂಪನಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಬಾಗಿಲ ಕಾವಲುಗಾರನಿಂದ ಹಿಡಿದು ಬಿಳಿ ಕೋಟಿನ ಡಾಕ್ಟರವರೆಗೆ ಎಲ್ಲರಿಗೂ ಅವಳು ನೆಕ್ಸ್ಟ್ ಅಕ್ಕ. ರಕ್ತ, ಮೂತ್ರ ಪರೀಕ್ಷೆ ಮಾಡುವ ಲ್ಯಾಬ್ ಕಂಪನಿ ಅದು. ಊರಿನ ಉದ್ದಗಲಕ್ಕೂ ಇಪ್ಪತ್ಮೂರು ಶಾಖೆಗಳು. ಯಾವುದೋ ಶಾಖೆಯ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಹಾಕಬೇಕಾದಾಗ ಅವಳು ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, "ನೆಕ್ಸ್ಟ್ ಒತ್ತಿ. ಇನ್ನೊಂದು ಸಲ ನೆಕ್ಸ್ಟ್ ಒತ್ತಿ. ಕ್ಯಾನ್ಸಲ್ ಅಲ್ಲಮ್ಮ, ನೆಕ್ಸ್ಟ್" ಎಂದು ದಿನವಿಡೀ ಹೇಳುತ್ತಿದ್ದಳು. ಹೆಸರು ಅಂಟಿಕೊಂಡಿತು. ಅವಳೂ ಬೇಡವೆನ್ನಲಿಲ್ಲ. ಮನೆಯಲ್ಲಿ ಅವಳಿಗಿದ್ದ ಹೆಸರು "ಎಲ್ಲಿದೆ" ಎಂಬುದು. ಸ್ವೆಟರ್ ಎಲ್ಲಿದೆ, ಕತ್ತರಿ ಎಲ್ಲಿದೆ, ಚಾರ್ಜರ್ ಎಲ್ಲಿದೆ. ಅದಕ್ಕಿಂತ ನೆಕ್ಸ್ಟ್ ವಾಸಿ.

ಅವಳು ಕೂರುತ್ತಿದ್ದದ್ದು ಮೂರನೇ ಮಹಡಿಯಲ್ಲಿ, ಮಾದರಿಗಳನ್ನಿಡುವ ಶೀತಲ ಕೋಣೆಗೆ ಅಂಟಿಕೊಂಡ ಪುಟ್ಟ ಕೋಣೆಯಲ್ಲಿ. ಒಂದು ಗೋಡೆ ವರ್ಷವಿಡೀ ತಣ್ಣಗಿರುತ್ತಿತ್ತು. ಬಿಸಿಲಿನ ದಿನಗಳಲ್ಲಿ ಕೆಳಗಿನ ಮಹಡಿಯವರು ಏನಾದರೊಂದು ನೆಪ ತೆಗೆದುಕೊಂಡು ಬಂದು ಆ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಎದುರು ಮೇಜಿನಲ್ಲಿ ತಂತಿ. ನೆಟ್‌ವರ್ಕ್ ನೋಡಿಕೊಳ್ಳುವವನು, ಎರಡು ಮಕ್ಕಳ ತಂದೆ, ಸದಾ ಕೊರಳಿಗೊಂದು ಕೇಬಲ್ ಸುತ್ತಿಕೊಂಡು ಓಡಾಡುವುದರಿಂದ ಆ ಹೆಸರು. ಒಳಕೋಣೆಯಲ್ಲಿ ವಿಭಾಗದ ಮುಖ್ಯಸ್ಥೆ, ಎಲ್ಲರ ಬಾಯಲ್ಲೂ ಬರೀ ಮೇಡಂ.

ನೆಕ್ಸ್ಟ್ ಅಕ್ಕನ ಕೆಲಸವನ್ನು ಯಾರಿಗಾದರೂ ವಿವರಿಸುವುದು ಕಷ್ಟ, ಯಾಕೆಂದರೆ ಅದು ಕಣ್ಣಿಗೆ ಕಾಣುವಂಥದ್ದಲ್ಲ. ಶಾಖೆಯ ಯಂತ್ರ ರಕ್ತ ಪರೀಕ್ಷಿಸಿ ವರದಿಯನ್ನು ಕಂಪ್ಯೂಟರಿನ ಒಂದು ಫೋಲ್ಡರಿಗೆ ಹಾಕುತ್ತದೆ. ಅಲ್ಲಿಂದ ಅದನ್ನು ಎತ್ತಿ ಮುಖ್ಯ ಕಚೇರಿಗೆ ತಲುಪಿಸಬೇಕು. ಅದಕ್ಕೆಂದೇ ಸರ್ವಿಸ್ ಎಂದು ಕರೆಯುವ, ತೆರೆಮರೆಯಲ್ಲಿ ಓಡುವ ಒಂದು ಪ್ರೋಗ್ರಾಮು ಬರೆದಿದ್ದಾಳೆ. ಅದಕ್ಕೆ ಕಿಟಕಿಯಿಲ್ಲ, ಗುಂಡಿಯಿಲ್ಲ, ಬಣ್ಣದ ಚಿತ್ರವಿಲ್ಲ. ಬೆಳಿಗ್ಗೆ ಕಂಪ್ಯೂಟರ್ ಆನ್ ಆದ ಕೂಡಲೇ, ಯಾರೂ ಬಂದು ಕೂರುವ ಮುಂಚೆಯೇ ಎದ್ದು ಕೆಲಸಕ್ಕೆ ನಿಲ್ಲುತ್ತದೆ. ಮಧ್ಯೆ ಬಿದ್ದುಹೋದರೆ ಒಂದು ನಿಮಿಷ ಸುಧಾರಿಸಿಕೊಂಡು ಮತ್ತೆ ತಾನೇ ಏಳುತ್ತದೆ. "ಎಲ್ಲಿದೆ ಅಕ್ಕ ನಿಮ್ಮ ಸಾಫ್ಟ್‌ವೇರು, ಪರದೆ ಮೇಲೆ ಏನೂ ಕಾಣಿಸ್ತಿಲ್ಲವಲ್ಲ" ಎಂದು ಶಾಖೆಯವರು ಕೇಳಿದರೆ ಅವಳ ಉತ್ತರ ಒಂದೇ: "ಕಾಣಿಸಿದ ದಿನ ಕೆಟ್ಟಿದೆ ಅಂತ ತಿಳ್ಕೊಳ್ಳಿ."

ಆ ಸರ್ವಿಸನ್ನು ಶಾಖೆಗೆ ಒಯ್ದು ಕೂರಿಸುವುದು ಅವಳದೇ ಇನ್‌ಸ್ಟಾಲರ್ ಪ್ಯಾಕೇಜು. ಒಂದೇ ಒಂದು ಫೈಲು. ಅದನ್ನು ತೆರೆದರೆ ಬೇಕಾದ ಕಡತಗಳನ್ನು ಬಿಚ್ಚಿಡುತ್ತದೆ, ಹಳೆಯ ಸರ್ವಿಸ್ ಓಡುತ್ತಿದ್ದರೆ ಮೊದಲು ಮರ್ಯಾದೆಯಿಂದ ನಿಲ್ಲಿಸುತ್ತದೆ, ಹೊಸದನ್ನು ಕಂಪ್ಯೂಟರಿನ ಪಟ್ಟಿಗೆ ಸೇರಿಸುತ್ತದೆ, ಯಾವಾಗ ಏಳಬೇಕು, ಯಾರ ಹೆಸರಲ್ಲಿ ಓಡಬೇಕು ಎಂದು ಹೇಳಿಕೊಡುತ್ತದೆ. ನಡುವೆ ಏನಾದರೂ ಎಡವಟ್ಟಾದರೆ ಮಾಡಿದ್ದನ್ನೆಲ್ಲ ತಾನೇ ಅಳಿಸಿ, ಬಂದೇ ಇರಲಿಲ್ಲವೇನೋ ಎಂಬಂತೆ ಹೊರಟುಹೋಗುತ್ತದೆ. ಇಂಥ ಅಚ್ಚುಕಟ್ಟು ಪ್ಯಾಕೇಜು ಕಟ್ಟುವವರು ಕಡಿಮೆ. ಅವಳಿಗೂ ಅದು ಗೊತ್ತು, ಒಳಗೊಳಗೆ ಹೆಮ್ಮೆಯೂ ಇತ್ತು.

ಒಂದು ತಪ್ಪು ಮಾತ್ರ ಇತ್ತು. ಅದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಆರು ವರ್ಷದ ಹಿಂದೆ ಮೊದಲ ಶಾಖೆಗೆ ಆ ಸರ್ವಿಸ್ ಹಾಕಿದ ದಿನ, ಅದು ಎದ್ದು ನಿಂತಿತು, ವರದಿ ಎತ್ತಿಕೊಂಡಿತು, ಆದರೆ ಮುಖ್ಯ ಕಚೇರಿಯ ಬಾಗಿಲಲ್ಲಿ ತಡೆದು ನಿಲ್ಲಿಸಲ್ಪಟ್ಟಿತು. ಒಳಗೆ ಹೋಗಲು ಅದಕ್ಕೆ ಅನುಮತಿ ಇರಲಿಲ್ಲ. ಅದೇ ಹೊತ್ತಿಗೆ ಮನೆಯಿಂದ ನಾಲ್ಕನೇ ಫೋನು. ಮಗಳಿಗೆ ಜ್ವರ; ಥರ್ಮಾಮೀಟರ್ ಎಲ್ಲಿದೆ ಎಂದು ಗಂಡ ಕೇಳುತ್ತಿದ್ದ. ಎರಡನೇ ಡ್ರಾಯರ್ ಎಂದರೆ ಯಾವ ಕಡೆಯಿಂದ ಎರಡನೇದು ಎಂದು ಕೇಳಿದ. ಫೋನು ಕಿವಿಯಲ್ಲಿಟ್ಟುಕೊಂಡೇ ಅವಳು, ಯಾರ ಹೆಸರಲ್ಲಿ ಓಡಬೇಕು ಎಂಬ ಜಾಗದಲ್ಲಿ ತನ್ನದೇ ಹೆಸರು, ತನ್ನದೇ ಪಾಸ್‌ವರ್ಡ್ ಬರೆದಳು. ಸರ್ವಿಸ್ ಓಡಿತು. ನಾಳೆ ಸರಿ ಮಾಡೋಣ ಎಂದುಕೊಂಡು ಬ್ಯಾಗೆತ್ತಿಕೊಂಡು ಅವಳೂ ಓಡಿದಳು.

ಆ ನಾಳೆ ಬರಲೇ ಇಲ್ಲ. ಶಾಖೆಗಳು ಒಂದೊಂದೇ ಹೆಚ್ಚಿದವು. ಪ್ರತಿ ಸಲವೂ ಎರಡನೇ ಪುಟದಲ್ಲಿ ಇನ್‌ಸ್ಟಾಲರ್ ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತಿತ್ತು. "ಒಂದು ನಿಮಿಷ, ಕೀಬೋರ್ಡ್ ಮುಟ್ಟಬೇಡಿ" ಎಂದು ಅವಳೇ ದೂರದಿಂದ ಆ ಕಂಪ್ಯೂಟರಿನೊಳಗೆ ಹೋಗಿ ಟೈಪ್ ಮಾಡಿ ಬರುತ್ತಿದ್ದಳು. ಇನ್ನೊಂದು ಫಜೀತಿ ಎಂದರೆ ತೊಂಬತ್ತು ದಿನಕ್ಕೊಮ್ಮೆ ಎಲ್ಲರೂ ಪಾಸ್‌ವರ್ಡ್ ಬದಲಿಸಲೇಬೇಕೆಂಬುದು ಕಂಪನಿಯ ನಿಯಮ. ಅವಳು ಬದಲಿಸಿದರೆ ಅವಳ ಹೆಸರಲ್ಲಿ ಓಡುತ್ತಿದ್ದ ಇಪ್ಪತ್ಮೂರು ಸರ್ವಿಸ್‌ಗಳೂ ಮರುದಿನ ಬೆಳಿಗ್ಗೆ ಹಳೆಯ ಪಾಸ್‌ವರ್ಡ್ ಹಿಡಿದುಕೊಂಡು ಬಾಗಿಲು ತಟ್ಟಿ, ಹೊರಗೇ ನಿಲ್ಲುತ್ತವೆ. ಒಂದು ವರದಿಯೂ ಬರುವುದಿಲ್ಲ. ಆದ್ದರಿಂದ ಮೂರು ತಿಂಗಳಿಗೊಮ್ಮೆ ಒಂದು ಶನಿವಾರ ಮಧ್ಯಾಹ್ನ ಅವಳು ಒಬ್ಬಳೇ ಕೂತು, ಇಪ್ಪತ್ಮೂರು ಕಂಪ್ಯೂಟರಿಗೂ ಒಂದೊಂದಾಗಿ ಹೋಗಿ ಹೊಸ ಪಾಸ್‌ವರ್ಡ್ ತುಂಬಿ, ಸರ್ವಿಸನ್ನು ನಿಲ್ಲಿಸಿ, ಮತ್ತೆ ಎಬ್ಬಿಸಿ ಬರುತ್ತಿದ್ದಳು. ಯಾರಾದರೂ ಕೇಳಿದರೆ ತ್ರೈಮಾಸಿಕ ತಪಾಸಣೆ ಎನ್ನುತ್ತಿದ್ದಳು. ಯಾರೂ ಹೇಳದಿದ್ದರೂ ಇಷ್ಟು ಶ್ರದ್ಧೆಯಿಂದ ತಪಾಸಣೆ ಮಾಡುವ ಉದ್ಯೋಗಿ ಎಂದು ಮೆಚ್ಚಿ ಕಂಪನಿ ಅವಳಿಗೊಂದು ಪ್ರಶಸ್ತಿಪತ್ರ ಕೊಟ್ಟಿತು. ಅವಳು ಅದನ್ನು ಮನೆಗೆ ತಂದು ಹಾಸಿಗೆಯ ಕೆಳಗೆ ಸೇರಿಸಿದಳು.

ಹೀಗಿರುವಾಗ ಅವಳ ಸ್ವಂತ ಅಕ್ಕ ಕೆಲಸದಿಂದ ನಿವೃತ್ತಳಾದಳು. ಮೂವತ್ತೆರಡು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಬೇರೆಯವರ ನೋವಿನ ಹೊತ್ತಿಗೆ ತಕ್ಕಂತೆ ನಿದ್ದೆ ಮಾಡಿದವಳು. ಮೊದಲ ವಾರವೇ ಫೋನು ಮಾಡಿದಳು. ಸಮುದ್ರದ ದಂಡೆಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ, ಹತ್ತು ದಿನ, ನಾನು ನೀನು ಇಬ್ಬರೇ. ಕೋಣೆಯಲ್ಲಿ ಒಲೆ ಇರಕೂಡದು ಎಂದು ಷರತ್ತು ಹಾಕಿದ್ದೇನೆ. ಇದ್ದರೆ ನಿನ್ನ ಕೈ ಸುಮ್ಮನಿರುವುದಿಲ್ಲ.

ಮದುವೆಯಾಗಿ ಹದಿನೇಳು ವರ್ಷದಲ್ಲಿ ನೆಕ್ಸ್ಟ್ ಅಕ್ಕ ಮನೆ ಬಿಟ್ಟು ಹೋದದ್ದು ಎರಡು ಸಲ, ಎರಡು ಸಲವೂ ಯಾರದೋ ಆರೈಕೆಗೆ. ಅವಳು ಆ ಹತ್ತು ದಿನವನ್ನು ಮನಸ್ಸಿನಲ್ಲಿ ಬಟ್ಟೆ ಮಡಿಸಿದ ಹಾಗೆ ಮತ್ತೆ ಮತ್ತೆ ಮಡಿಸಿ ಬಿಡಿಸಿ ನೋಡಿದಳು. ರಜೆ ಚೀಟಿ ಕೊಟ್ಟಳು. ಮೇಡಂ ಕನ್ನಡಕದ ಮೇಲಿಂದ ನೋಡಿ, ಆರು ವರ್ಷಕ್ಕೆ ಇದೇ ಮೊದಲಲ್ಲವೇ ಎಂದು ಸಹಿ ಹಾಕಿದರು.

ಪಾಸ್‌ವರ್ಡಿನ ಅವಧಿ ಮುಗಿಯುತ್ತಿದ್ದದ್ದು ರಜೆಯ ಮೂರನೇ ದಿನ. ಪರವಾಗಿಲ್ಲ, ಹೋಗುವ ಮುಂಚಿನ ಶನಿವಾರವೇ ಎಲ್ಲ ಕಡೆ ತುಂಬಿಬಿಟ್ಟರಾಯಿತು ಎಂದು ಲೆಕ್ಕ ಹಾಕಿಕೊಂಡಳು. ಆದರೆ ರಜೆಗೆ ಒಂಬತ್ತು ದಿನ ಬಾಕಿ ಇರುವಾಗ ಕಂಪನಿ ಇನ್ನೊಂದು ಲ್ಯಾಬನ್ನು ಕೊಂಡಿತು. ಹದಿನೆಂಟು ಹೊಸ ಶಾಖೆಗಳು, ಹದಿನೆಂಟಕ್ಕೂ ಸರ್ವಿಸ್ ಹಾಕಬೇಕು, ಅದೂ ಅವಳು ರಜೆಯಲ್ಲಿರುವ ವಾರವೇ.

ಮೇಡಂಗೆ ಇದರಲ್ಲಿ ತೊಡಕೇನೂ ಕಾಣಲಿಲ್ಲ. ಪ್ಯಾಕೇಜು ತಂತಿಗೆ ಕೊಟ್ಟು ಹೋಗಿ, ನೆಕ್ಸ್ಟ್ ಒತ್ತಲು ಅವನಿಗೂ ಬೆರಳಿದೆ ಎಂದರು. ನೆಕ್ಸ್ಟ್ ಅಕ್ಕನ ಬಾಯಿಂದ ಯೋಚಿಸುವ ಮುಂಚೆಯೇ ಮಾತು ಬಿತ್ತು: "ಇಲ್ಲ ಮೇಡಂ, ಅದಕ್ಕೆ ನಾನೇ ಬೇಕು." ಯಾಕೆ ಎಂದು ಅವರು ಕೇಳಲಿಲ್ಲ. ಹಾಗಿದ್ದರೆ ರಜೆ ಮುಂದಿನ ತಿಂಗಳಿಗೆ ಹಾಕಿ ಎಂದಷ್ಟೇ ಹೇಳಿ ಬೇರೆ ಕಡತ ತೆಗೆದರು.

ಮನೆಗೆ ಬಂದು ಆ ಸುದ್ದಿ ಹೇಳಿದಾಗ ಗಂಡನ ಮುಖದಲ್ಲಿ ಮೂಡಿದ ನೆಮ್ಮದಿ ಅವಳ ಕಣ್ಣಿಗೆ ಬೀಳದೆ ಇರಲಿಲ್ಲ. ಅವನು ಕಾರು ಕಲಿಸುವ ಶಾಲೆಯಲ್ಲಿ ಮೇಷ್ಟ್ರು. ದಿನಕ್ಕೆ ಎಂಟು ಜನ ಹೊಸಬರ ಪಕ್ಕ ಕೂತು, ಲಾರಿ ಎದುರಿಗೆ ಬಂದರೂ ದನಿ ಏರಿಸದ ಮನುಷ್ಯ. ಆದರೆ ಅವಳು ಹತ್ತು ದಿನ ಇರುವುದಿಲ್ಲ ಎಂದ ದಿನದಿಂದ ಅವನ ದನಿ ಏರಿತ್ತು. ಗ್ಯಾಸ್ ಬುಕ್ ಮಾಡಿದರೆ ನಂಬರು ಬರುವುದು ನಿನ್ನ ಫೋನಿಗೆ, ಶಾಲೆಯ ಮೆಸೇಜು ಬರುವುದು ನಿನಗೆ, ಅಮ್ಮನ ಮಾತ್ರೆ ಅಂಗಡಿಯವನಿಗೆ ಗೊತ್ತಿರುವುದು ನಿನ್ನ ಹೆಸರು ಎಂದು ಅವನು ಎಣಿಸಿ ಹೇಳುತ್ತಿದ್ದ. ಈಗ, "ಒಳ್ಳೇದೇ ಆಯ್ತು ಬಿಡು, ಮುಂದಿನ ತಿಂಗಳು ಹವೆನೂ ಚೆನ್ನಾಗಿರುತ್ತೆ" ಎಂದ.

ಅತ್ತೆ ಕಿಟಕಿಯ ಬಳಿ ಕೂತು ಬಟಾಣಿ ಬಿಡಿಸುತ್ತಿದ್ದರು. ತಲೆ ಎತ್ತದೆ ಕೇಳಿದರು.

"ಆಫೀಸಲ್ಲಿ ನೀನೇ ಯಾಕೆ ಬೇಕು?"

ಅವಳು ಅತ್ತೆಯ ಎದುರು ಕೂತು, ಬಟಾಣಿ ಕೈಗೆತ್ತಿಕೊಂಡು, ಆರು ವರ್ಷದಲ್ಲಿ ಯಾರಿಗೂ ಹೇಳದ್ದನ್ನು ಹೇಳಿದಳು. ಸರ್ವಿಸ್, ಪ್ಯಾಕೇಜು, ಪಾಸ್‌ವರ್ಡು, ಪ್ರಶಸ್ತಿಪತ್ರ. ಅತ್ತೆಗೆ ಕಂಪ್ಯೂಟರ್ ಗೊತ್ತಿಲ್ಲ; ವಿಷಯ ಗೊತ್ತಾಯಿತು.

"ನಾನು ಕಾಲು ಮುರ್ಕೊಂಡು ಮಲಗಿದ್ದೆನಲ್ಲ, ಆಗ ನಿಮ್ಮ ಮಾವ ಒಂದೂವರೆ ತಿಂಗಳು ಅಡಿಗೆ ಮಾಡಿದ್ರು. ತಿನ್ನೋ ಹಾಗೇ ಇತ್ತು. ನಲವತ್ತು ವರ್ಷ ನಾನಿಲ್ದೆ ಆಗಲ್ಲ ಅಂತ ಅಂದ್ಕೊಂಡಿದ್ದೆ."

"ನೀವು ಅವರಿಗೆ ಬಿಟ್ಟುಕೊಟ್ಟಿರಲಿಲ್ಲ ಅಂತೀರಾ ಅತ್ತೆ?"

"ಅವರು ಕೇಳಿರ್ಲಿಲ್ಲ ಅಂತೀನಿ," ಎಂದರು ಅತ್ತೆ. "ಕಾಲು ಸರಿಹೋದ ದಿನ ಸೌಟು ತಂದು ನನ್ನ ಕೈಗಿಟ್ರು. ನಾನೂ ಈಸ್ಕೊಂಡೆ. ಅದೇ ನನ್ನ ತಪ್ಪು. ನೀನು ಹೋಗು. ಕಾಲು ಮುರಿಯೋ ತನಕ ಕಾಯಬೇಡ."

ಮರುದಿನ ಬೆಳಿಗ್ಗೆ ಅವಳು ಮೇಡಂ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೂರದೆ, ನಿಂತೇ, ಎಲ್ಲವನ್ನೂ ಹೇಳಿದಳು. ಹೊಸ ಹದಿನೆಂಟಕ್ಕೂ ತನ್ನ ಹೆಸರು ಹಾಕಿದರೆ ನಲವತ್ತೊಂದು ಶಾಖೆಗಳು ತನ್ನ ಒಂದು ಪಾಸ್‌ವರ್ಡಿಗೆ ಜೋತುಬೀಳುತ್ತವೆ, ತನಗೆ ನಾಳೆ ಏನಾದರೂ ಆದರೆ ಕಂಪನಿಗೆ ಒಂದೇ ಒಂದು ವರದಿ ಬರುವುದಿಲ್ಲ ಎಂದಳು. ಮೇಡಂ ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು.

"ಅಂದ್ರೆ ಆ ಪ್ರಶಸ್ತಿ ನಾನು ಕೊಟ್ಟದ್ದು ನಿಮ್ಮ ತಪ್ಪಿಗೆ."

"ಹೌದು ಮೇಡಂ."

"ಅದರ ಭಾಷಣ ಬೇರೆ ನಾನೇ ಬರೆದಿದ್ದೆ." ಅವರು ಕನ್ನಡಕ ತೆಗೆದು ಒರೆಸಿದರು. "ಸರಿ ಮಾಡೋಕೆ ಎಷ್ಟು ದಿನ ಬೇಕು?"

"ನಾಲ್ಕು."

"ರಜೆಗೆ ಎಷ್ಟು ದಿನ ಇದೆ?"

"ಎಂಟು."

"ಮತ್ತೆ ಇಲ್ಲೇನು ಮಾಡ್ತಿದ್ದೀರಿ?"

ಬಾಗಿಲ ತನಕ ಹೋದವಳನ್ನು ಮತ್ತೆ ಕರೆದು ಒಂದು ಷರತ್ತು ಹಾಕಿದರು. ಹೊಸ ಪ್ಯಾಕೇಜನ್ನು ತಂತಿ ಹಾಕಬೇಕು, ಅವಳು ಪಕ್ಕದಲ್ಲಿ ಕೂತಿರಬೇಕು, ಬಾಯಿ ತೆರೆಯಕೂಡದು. ಅವನು ಅವಳನ್ನು ಒಂದೇ ಒಂದು ಪ್ರಶ್ನೆ ಕೇಳುವ ಹಾಗಾದರೂ ರಜೆ ಮುಂದಿನ ತಿಂಗಳಿಗೆ.

ಮಾಡಬೇಕಾದ್ದು ಏನೆಂದು ಅವಳಿಗೆ ಆರು ವರ್ಷದಿಂದಲೂ ಗೊತ್ತಿತ್ತು. ಯಾವ ಮನುಷ್ಯರದ್ದೂ ಅಲ್ಲದ, ಸರ್ವಿಸ್‌ಗೆಂದೇ ಮೀಸಲಾದ ಒಂದು ಖಾತೆ ಬೇಕು. ಅದರ ಪಾಸ್‌ವರ್ಡನ್ನು ಮುಖ್ಯ ಕಚೇರಿಯ ಸರ್ವರೇ ಇಟ್ಟುಕೊಂಡು, ಕಾಲಕಾಲಕ್ಕೆ ತಾನೇ ಬದಲಿಸಿಕೊಳ್ಳುತ್ತದೆ. ಯಾರೂ ನೆನಪಿಡುವ ಹಾಗಿಲ್ಲ, ಮರೆಯುವ ಹಾಗೂ ಇಲ್ಲ. ತಂತಿ ಆ ಖಾತೆಯನ್ನು ಅರ್ಧ ಗಂಟೆಯಲ್ಲಿ ಮಾಡಿಕೊಟ್ಟ. ಇದನ್ನು ಮೊದಲೇ ಕೇಳಿದ್ದರೆ ಮೊದಲೇ ಕೊಡುತ್ತಿದ್ದೆನಲ್ಲ ಅಕ್ಕ ಎಂದ. ಅವಳಿಗೆ ಗೋಡೆಗೆ ಹಣೆ ಚಚ್ಚಿಕೊಳ್ಳುವಂತಾಯಿತು. ತಣ್ಣನೆಯ ಗೋಡೆ ಹತ್ತಿರವೇ ಇತ್ತು.

ಪ್ಯಾಕೇಜನ್ನು ಬಿಚ್ಚಿ ಮತ್ತೆ ಕಟ್ಟಿದಳು. ಹೆಸರು ಕೇಳುವ ಎರಡನೇ ಪುಟ ಕಿತ್ತುಹಾಕಿದಳು. ಅದು ಹೋದ ಮೇಲೆ ಉಳಿದ ಪುಟಗಳಲ್ಲಿ ಕೇಳುವಂಥದ್ದೇನೂ ಇರಲಿಲ್ಲ, ಅವನ್ನೂ ಕಿತ್ತಳು. ಈಗ ಅದು ಯಾರನ್ನೂ ಏನೂ ಕೇಳದೆ, ಒಂದು ನೆಕ್ಸ್ಟ್ ಕೂಡ ಇಲ್ಲದೆ, ತಾನೇ ಬಂದು ಕೂತುಕೊಳ್ಳುವ ಪ್ಯಾಕೇಜು. "ಅಕ್ಕ, ಇನ್ಮೇಲೆ ನಿಮ್ಮನ್ನ ಏನಂತ ಕರೆಯೋದು?" ಎಂದು ತಂತಿ ಚಿಂತೆಗೆ ಬಿದ್ದ.

ನಾಲ್ಕನೇ ದಿನ ಪರೀಕ್ಷೆ. ಮೇಡಂ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತರು. ತಂತಿ ಪರೀಕ್ಷೆಗೆಂದು ಇಟ್ಟ ಕಂಪ್ಯೂಟರಿನಲ್ಲಿ ಪ್ಯಾಕೇಜು ಓಡಿಸಿದ. ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಪರದೆಯ ಮೇಲೆ ಅರ್ಧದವರೆಗೆ ತುಂಬಿತು. ಮುಕ್ಕಾಲಿಗೆ ಬಂತು. ಅಲ್ಲಿ ನಿಂತು, ಹಿಂದಕ್ಕೆ ಸರಿಯಿತು, ಕೊನೆಗೆ ಏನೂ ಆಗಲೇ ಇಲ್ಲವೆಂಬಂತೆ ಪರದೆ ಖಾಲಿಯಾಯಿತು.

ನೆಕ್ಸ್ಟ್ ಅಕ್ಕನಿಗೆ ಆ ಕ್ಷಣವೇ ಹೊಳೆಯಿತು. ಹೊಸ ಖಾತೆಗೆ ಮುಖ್ಯ ಕಚೇರಿಯ ಬಾಗಿಲು ತೆರೆದಿದ್ದಳು. ಶಾಖೆಯ ಕಂಪ್ಯೂಟರಿನಲ್ಲಿ ವರದಿ ಬಂದು ಬೀಳುವ ಫೋಲ್ಡರಿನ ಬಾಗಿಲು ತೆರೆಯುವುದನ್ನು ಮರೆತಿದ್ದಳು. ತುಟಿಯ ತುದಿಗೆ ಬಂದ ಮಾತನ್ನು ಕೈಯಿಂದ ಬಾಯಿ ಮುಚ್ಚಿ ತಡೆದಳು. ಸಮುದ್ರ ಕೈತಪ್ಪಿತು ಎಂದೇ ಅವಳಿಗನ್ನಿಸಿತು. ತಂತಿ ಅವಳ ಕಡೆ ತಿರುಗಲೂ ಇಲ್ಲ. ಕೊರಳಿನ ಕೇಬಲ್ ತಿರುವುತ್ತಾ, ಪ್ಯಾಕೇಜು ತಾನು ಮಾಡಿದ್ದನ್ನೆಲ್ಲ ಬರೆದಿಡುವ ಕಡತ ತೆರೆದು ಕೆಳಗಿನಿಂದ ಮೇಲಕ್ಕೆ ಓದಿದ. ಕೊನೆಯಲ್ಲಿ ಅವಳೇ ಬರೆದಿಟ್ಟ ಒಂದು ಸಾಲಿತ್ತು: ವರದಿ ಫೋಲ್ಡರಿಗೆ ಪ್ರವೇಶವಿಲ್ಲ, ಅನುಮತಿ ಕೊಟ್ಟು ಮತ್ತೆ ಪ್ರಯತ್ನಿಸಿ. ಅವನು ಅನುಮತಿ ಕೊಟ್ಟ. ಮತ್ತೆ ಓಡಿಸಿದ. ಪಟ್ಟಿ ತುಂಬಿತು, ಸರ್ವಿಸ್ ಎದ್ದು ನಿಂತಿತು, ಅರ್ಧ ನಿಮಿಷದಲ್ಲಿ ಮೊದಲ ವರದಿ ಬಂದು ಬಿತ್ತು.

"ಪ್ರಶ್ನೆ ಕೇಳಲಿಲ್ಲ," ಎಂದರು ಮೇಡಂ. "ಆದರೆ ಆ ಅನುಮತಿಯನ್ನೂ ಪ್ಯಾಕೇಜೇ ಕೊಡ್ಬೇಕು. ಸಂಜೆಯೊಳಗೆ."

ಸಂಜೆಯೊಳಗೆ ಅದೂ ಆಯಿತು. ಮರುದಿನ ಸರ್ವರಿನಿಂದಲೇ ಹೊಸ ಪ್ಯಾಕೇಜನ್ನು ಇಪ್ಪತ್ಮೂರು ಶಾಖೆಗಳಿಗೂ ಕಳಿಸಿದರು. ಅದರ ಮರುದಿನ ಅವಳು ಮೇಡಂ ಎದುರಿಗೇ ಕೂತು ತನ್ನ ಪಾಸ್‌ವರ್ಡ್ ಬದಲಿಸಿದಳು. ಎಲ್ಲ ಶಾಖೆಗಳ ಕಂಪ್ಯೂಟರುಗಳನ್ನೂ ದೂರದಿಂದಲೇ ಆಫ್ ಮಾಡಿ ಮತ್ತೆ ಆನ್ ಮಾಡಿದರು. ಮೂವರೂ ಕತ್ತು ಚಾಚಿ ವರದಿ ಎಣಿಸಿದರು. ಇಪ್ಪತ್ತೆರಡು ಕಡೆಯಿಂದ ಬಂತು. ಮಾರುಕಟ್ಟೆ ಶಾಖೆಯಿಂದ ಬರಲಿಲ್ಲ. ಪ್ಯಾಕೇಜು ಕಳಿಸಿದ ದಿನ ಅಲ್ಲಿ ಬಣ್ಣ ಬಳಿಯುವವರು ಕಂಪ್ಯೂಟರಿನ ಪ್ಲಗ್ ಕಿತ್ತು, ಫ್ಯಾನ್ ಹಾಕಿಕೊಂಡಿದ್ದರಂತೆ. ಅವಳು ಕುರ್ಚಿಯಿಂದ ಏಳುವಷ್ಟರಲ್ಲಿ ತಂತಿ ಆ ಶಾಖೆಗೂ ಪ್ಯಾಕೇಜು ಹಾಕಿ ಮುಗಿಸಿದ್ದ.

ಮನೆಯ ಕೆಲಸ ಇಷ್ಟು ಸಲೀಸಾಗಲಿಲ್ಲ. ಅವಳು ನಾಲ್ಕು ಹಾಳೆ ತುಂಬ ಸೂಚನೆ ಬರೆದಳು. ಅತ್ತೆ ಓದಿ, ಇದನ್ನು ಓದುವಷ್ಟರಲ್ಲಿ ಇವನಿಗೆ ಹಸಿವೇ ಹಾರಿಹೋಗುತ್ತದೆ ಎಂದು ಮೂರು ಹಾಳೆ ಹರಿದರು. ಗ್ಯಾಸಿನವರ ಬಳಿ, ಶಾಲೆಯಲ್ಲಿ, ಔಷಧಿ ಅಂಗಡಿಯಲ್ಲಿ ತನ್ನ ನಂಬರು ತೆಗೆಸಿ ಗಂಡನ ನಂಬರು ಹಾಕಿಸಿದಳು. ಮೊದಲ ದಿನವೇ ಅವನಿಗೆ ಹನ್ನೊಂದು ಮೆಸೇಜು ಬಂದವು. ಕಾರು ಕಲಿಸುವ ನಡುವೆ ಫೋನು ಹೀಗೆ ಟಿಣ್ ಎನ್ನುತ್ತಿದ್ದರೆ ಹೇಗೆ ಎಂದು ಅವನು ಕೇಳಿದಾಗ ಹದಿನಾಲ್ಕರ ಮಗಳು, "ಅಮ್ಮ ಹೇಗೆ ಮಾಡ್ತಿದ್ಲು ಅಂತ ಕೇಳು ಅಪ್ಪ" ಎಂದಳು. ಅವನು ಕೇಳಲಿಲ್ಲ, ಆದರೆ ಯೋಚಿಸಿದ ಹಾಗೆ ಕಂಡಿತು.

ಹೊರಡುವ ಹಿಂದಿನ ದಿನ, ಅವಳು ಬ್ಯಾಗು ತುಂಬುತ್ತಿದ್ದಾಗ, ಅವನು ಬಟ್ಟೆ ಒಗೆಯುವ ಯಂತ್ರದ ಎದುರು ಕುಕ್ಕರಗಾಲಲ್ಲಿ ಕೂತು ಗುಂಡಿಗಳನ್ನು ಓದುತ್ತಿದ್ದ. ಬಿಳಿ ಅಂಗಿಗಳ ಜೊತೆ ಒಂದು ಕೆಂಪು ಟವೆಲ್ಲೂ ಒಳಗೆ ಹೋಗಿತ್ತು. ಅವಳು ನೋಡಿದಳು. ಹೇಳಲು ಹೋಗಿ ನಿಲ್ಲಿಸಿದಳು. ತಂತಿಯ ಪಕ್ಕ ಕೂತಿದ್ದಾಗಿನದಕ್ಕಿಂತ ಇದು ಕಷ್ಟದ್ದಾಗಿತ್ತು. ಮರುದಿನ ಅವನು ಗುಲಾಬಿ ಅಂಗಿ ತೊಟ್ಟು ಅವಳನ್ನು ಬಸ್ ನಿಲ್ದಾಣಕ್ಕೆ ಬಿಟ್ಟ. ದಾರಿಯುದ್ದಕ್ಕೂ ಅಂಗಿಯ ವಿಷಯ ಇಬ್ಬರೂ ಎತ್ತಲಿಲ್ಲ. ಬಸ್ಸು ಹೊರಡುವಾಗ ಮಾತ್ರ ಕಿಟಕಿಯ ಹತ್ತಿರ ಬಂದು, "ಗೊತ್ತಿತ್ತಲ್ವಾ ನಿನಗೆ?" ಎಂದ. "ಗೊತ್ತಿತ್ತು ರೀ," ಎಂದಳು. ಅವನು ನಕ್ಕ. ಬಹಳ ದಿನದ ಮೇಲೆ ಇಬ್ಬರೂ ಒಂದೇ ವಿಷಯಕ್ಕೆ ನಕ್ಕಿದ್ದರು.

ರಜೆಯ ಮೊದಲ ಎರಡು ದಿನ ಅವಳು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ದಂಡೆಯಲ್ಲಿ ನಡೆದಳು. ಹಳೆಯ ಪಾಸ್‌ವರ್ಡಿನ ಅವಧಿ ಮುಗಿಯಬೇಕಿದ್ದ ಮೂರನೇ ದಿನವಂತೂ ಬೆಳಿಗ್ಗೆಯಿಂದಲೇ ಅವಳ ಕಣ್ಣು ಅದರ ಮೇಲೆ. ಶಾಖೆಗಳು ತೆರೆಯುವ ಎಂಟು ಗಂಟೆ ಆಯಿತು. ಒಂಬತ್ತಾಯಿತು. ಹತ್ತಾದರೂ ಆಫೀಸಿನಿಂದ ಯಾರೂ ಕರೆಯಲಿಲ್ಲ, ಮನೆಯಿಂದಲೂ ಕರೆಯಲಿಲ್ಲ. ಅವಳಿಗೆ ನೆಮ್ಮದಿಯಾಗಬೇಕಿತ್ತು. ಬದಲಿಗೆ ಫೋನೇ ಕೆಟ್ಟಿದೆಯೇನೋ ಎಂದು ಅದನ್ನು ಆಫ್ ಮಾಡಿ ಮತ್ತೆ ಆನ್ ಮಾಡಿ ನೋಡಿದಳು.

"ಯಾರಿಗೂ ಬೇಡವಾದೆ ಅನ್ನಿಸ್ತಿದೆಯಾ?" ಎಂದಳು ಅಕ್ಕ, ಟೀ ಹೀರುತ್ತಾ.

"ಸ್ವಲ್ಪ."

"ನನಗೂ ನಿವೃತ್ತಿಯಾದ ವಾರ ಹಾಗೇ ಇತ್ತು ಕಣೇ. ನಾನಿಲ್ಲದೆ ಮಕ್ಕಳು ಹೇಗೆ ಹುಟ್ತಾವೆ ಅಂತ. ಹುಟ್ಟಿದ್ವು. ಎರಡು ದಿನ ಮುನಿಸು ಇರುತ್ತೆ, ಆಮೇಲೆ ಚೆನ್ನಾಗಿ ನಿದ್ದೆ ಬರುತ್ತೆ."

ನಾಲ್ಕನೇ ದಿನ ತಂತಿಯ ಮೆಸೇಜು ಬಂತು. ಹೊಸ ಶಾಖೆಗಳಲ್ಲಿ ಒಂಬತ್ತು ಮುಗಿದವಂತೆ. ಏನೂ ಕೇಳುವುದಕ್ಕಲ್ಲ, ಸುಮ್ಮನೆ ಹೇಳಿದೆ ಎಂದು ಬರೆದಿದ್ದ. ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಫೋನನ್ನು ಚೀಲದ ತಳಕ್ಕೆ ಹಾಕಿ, ಚೀಲವನ್ನು ಕುರ್ಚಿಯ ಮೇಲಿಟ್ಟು, ಚಪ್ಪಲಿ ಬಿಟ್ಟು ನೀರಿಗಿಳಿದಳು. ಮೊದಲು ಪಾದ, ಆಮೇಲೆ ಮೊಣಕಾಲು. ಸಾಕು ಬಾರೇ ಎಂದು ಅಕ್ಕ ದಂಡೆಯಿಂದ ಕೂಗಿದಳು. ಅವಳು ಬರಲಿಲ್ಲ. ಸೊಂಟದವರೆಗೆ ಹೋಗಿ ನಿಂತು, ಕೈ ಬೀಸಿ ಅಕ್ಕನನ್ನೇ ನೀರಿಗೆ ಕರೆದಳು.